ಎಸ್ಸೆಸ್ಸೆಲ್ಸಿ ಇಂಗ್ಲಿಷಲ್ಲಿ 91, ಪ್ಲೇಸ್‌ಮೆಂಟ್ ಟೆಸ್ಟಲ್ಲಿ ಬರೀ ಎ2! ಈ ಲೆವೆಲ್ಲುಗಳ ಲೆಕ್ಕ ಯಾರಾದ್ರೂ ಬಿಡಿಸಿ ಹೇಳ್ತೀರಾ?

ನೈಟ್‌ಡ್ಯೂಟಿ_ಹಾಸನ
ಎಲ್ರಿಗೂ ನಮಸ್ಕಾರ. ಬೆಂಗ್ಳೂರಲ್ಲಿ ಪ್ರೈವೇಟ್ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿದೀನಿ, ನಾಲ್ಕು ವರ್ಷ ಆಯ್ತು. ಯುಕೆಗೆ ಟ್ರೈ ಮಾಡೋಣ ಅಂತ ಹೋದ ವಾರ ಒಂದು ಕೋಚಿಂಗ್ ಸೆಂಟರ್‌ಗೆ ಹೋಗಿದ್ದೆ (ಹೆಸ್ರು ಬೇಡ ಬಿಡಿ). ಮೊದ್ಲು ಒಂದು ಗ್ರಾಮರ್ ಶೀಟ್ ಕೊಟ್ರು, 40ಕ್ಕೆ 34 ಬಂತು, ನಂಗೆ ಖುಷಿನೇ ಖುಷಿ. ಆಮೇಲೆ ಒಳಗೆ ಕರ್ದು ಒಬ್ರು ಮೇಡಂ ಹತ್ತು ನಿಮ್ಷ ಮಾತಾಡ್ಸಿದ್ರು. ಅಲ್ಲಿ ಬಾಯಿ ಒಣಗೋಯ್ತು. ಹೊರಗೆ ಬಂದ ಮೇಲೆ ಒಂದು ಪ್ರಿಂಟ್ ಕೊಟ್ರು, ಸ್ಪೀಕಿಂಗ್ ಎ2 ಅಂತೆ. ಬಿ1, ಬಿ2, ಸಿ1 ಮೂರೂ ಕೋರ್ಸ್ ಮಾಡ್ಬೇಕಂತೆ, ಒಂದೊಂದೂ ಮೂರು ತಿಂಗ್ಳು, ಶನಿವಾರ ಭಾನುವಾರ ಮೂರ್ಮೂರು ಗಂಟೆ. ಫೀಸ್ ಕೇಳಿ ಎದೆ ಧಸಕ್ ಅಂತು.

ಎಸ್ಸೆಸ್ಸೆಲ್ಸಿ ಕನ್ನಡ ಮೀಡಿಯಂ, ಇಂಗ್ಲಿಷ್ 100ಕ್ಕೆ 91. ಟೆನ್ಸು, ವಾಯ್ಸು, ಡೈರೆಕ್ಟ್ ಇನ್‌ಡೈರೆಕ್ಟ್ ಎಲ್ಲಾ ಬಾಯಿಪಾಠ. ಹಂಗಿದ್ರೂ ಎ2 ಹೆಂಗೆ? ಒಂದೊಂದು ಲೆವೆಲ್ಲಲ್ಲಿ ಏನು ಮಾತಾಡಕ್ಕೆ ಬರ್ಬೇಕು, ಯಾವ್ ಯಾವ್ ಗ್ರಾಮರ್ ಬರ್ಬೇಕು, ಗೊತ್ತಿರೋರು ಹೇಳಿ ಪ್ಲೀಸ್. ನನ್ನ ಬುಟ್ಟಿಗೆ ಹಾಕ್ತಿದಾರಾ ಇಲ್ಲ ನಿಜ್ವಾಗ್ಲೂ ನಾನು ಇಷ್ಟೇನಾ?

ಕೋಡ್‌ಮುದ್ದೆ
ಬುಟ್ಟಿನೇ. ನಿಮ್ಗೆ ಬಿ2 ಅಂದ್ರೆ ಒಂದು ಕೋರ್ಸ್ ಮಾರ್ಬೋದು, ಎ2 ಅಂದ್ರೆ ಮೂರು. ಅಷ್ಟೇ ಲೆಕ್ಕ.

ಸುಮ್ನೆ_ಓದೋನು
ಫಾಲೋಯಿಂಗ್

ಹೆಡ್‌ಸೆಟ್_ಅಕ್ಕ
ಹತ್ತು ವರ್ಷ ಕಾಲ್ ಸೆಂಟರಲ್ಲಿ ವಾಯ್ಸ್ ಟ್ರೈನರ್ ಆಗಿದ್ದೆ, ಈಗ ಮನೇಲೇ ಕ್ಲಾಸ್ ತಗೋತೀನಿ. ಬುಟ್ಟಿ ಇರ್ಬೋದು, ಆದ್ರೆ ರಿಸಲ್ಟ್ ಸುಳ್ಳು ಅಂತ ಈಗ್ಲೇ ಹೇಳಕ್ಕಾಗಲ್ಲ. ಗ್ರಾಮರ್ ಶೀಟಲ್ಲಿ 34 ತಗೊಂಡು ಮಾತಲ್ಲಿ ಎ2 ಬರೋರು ನಮ್ಮ ಕಡೆ ಬೇಕಾದಷ್ಟು ಜನ ಇದಾರೆ. ಇಂಟರ್ವ್ಯೂಗೆ ಬರ್ತಿದ್ದ ಹತ್ರಲ್ಲಿ ಐದು ಜನ ಹಿಂಗೇನೇ.

ಮೊದ್ಲು ಈ ಎ1, ಎ2 ಎಲ್ಲಿಂದ ಬಂತು ನೋಡಿ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಒಂದು ಚೌಕಟ್ಟು ಮಾಡ್ತು, ಸಿಇಎಫ್‌ಆರ್ ಅಂತಾರೆ. ಎ1, ಎ2, ಬಿ1, ಬಿ2, ಸಿ1, ಸಿ2, ಒಟ್ಟು ಆರು ಮೆಟ್ಲು. ಅದು ಇಂಗ್ಲಿಷಿಗೇ ಅಂತ ಮಾಡಿದ್ದಲ್ಲ, ಜರ್ಮನ್ನು ಫ್ರೆಂಚು ಎಲ್ಲಕ್ಕೂ ಅದೇ. ಹಾಗಾಗಿ ಅದ್ರಲ್ಲಿ "ಬಿ1ಗೆ ಪ್ರೆಸೆಂಟ್ ಪರ್ಫೆಕ್ಟ್ ಕಲೀಬೇಕು" ಅಂತೆಲ್ಲ ಬರ್ದೇ ಇಲ್ಲ. ಬರ್ದಿರೋದು ನೀವು ಆ ಭಾಷೇಲಿ ಏನು ಮಾಡಬಲ್ಲಿರಿ ಅಂತ. ಜತೆಗೆ ಓದೋದು, ಕೇಳೋದು, ಬರೆಯೋದು, ಮಾತಾಡೋದು ಎಲ್ಲಕ್ಕೂ ಬೇರೆ ಬೇರೆ ಲೆವೆಲ್ ಇರ್ಬೋದು. ಓದೋದ್ರಲ್ಲಿ ಬಿ2, ಮಾತಲ್ಲಿ ಎ2, ಇದು ಮಾಮೂಲಿ.

ಮಾತಿನ ಲೆಕ್ಕ ನನ್ನ ಭಾಷೇಲಿ ಹೇಳ್ತೀನಿ:

ಎ1: ಹೆಸ್ರು, ಊರು, ಮನೇಲಿ ಎಷ್ಟು ಜನ. ಎದ್ರಿಗಿರೋರು ನಿಧಾನಕ್ಕೆ, ಬಿಡಿಸಿ ಮಾತಾಡಿದ್ರೆ ಉತ್ರ ಕೊಡ್ತೀರ. ವಾಕ್ಯಗಳೆಲ್ಲ ಮೊದ್ಲೇ ಕಲ್ತು ಇಟ್ಕೊಂಡಿರೋವು.

ಎ2: ಅಂಗ್ಡಿ, ಬಸ್ಸು, ದಿನದ ಕೆಲ್ಸ, ಡ್ಯೂಟಿ ಟೈಮು. ಸಣ್ಣ ಸಣ್ಣ ವಾಕ್ಯ. ಇಲ್ಲಿ ಚೌಕಟ್ಟೇ ಒಪ್ಕೊಳ್ಳೋ ಮಾತೊಂದಿದೆ, ಎ2ನವರು ಟೆನ್ಸ್ ಕಲಸುಮೇಲೋಗರ ಮಾಡ್ತಾರೆ, ಹೀ ಶೀಗೆ ಎಸ್ ಹಾಕೋದು ಮರೀತಾರೆ, ಆದ್ರೂ ಏನು ಹೇಳ್ತಿದಾರೆ ಅನ್ನೋದು ಅರ್ಥ ಆಗತ್ತೆ ಅಂತ.

ಬಿ1: ಆಗಿದ್ದನ್ನ ಕಥೆ ಥರ ಹೇಳಕ್ಕೆ ಬರ್ಬೇಕು. ಯಾಕೆ ಹಂಗ್ ಅನ್ಸತ್ತೆ ಅಂತ ಕಾರಣ ಕೊಡಕ್ಕೆ ಬರ್ಬೇಕು. ಮಧ್ಯ ಮಧ್ಯ ತಡವರಿಸಿ ನಿಂತ್ರೂ ಪರ್ವಾಗಿಲ್ಲ, ಬಿಟ್ಟು ಎದ್ದೋಗ್ಬಾರ್ದು.

ಬಿ2: ವಾದ ಮಾಡಕ್ಕೆ ಬರ್ಬೇಕು. ಇದ್ರ ಅನುಕೂಲ ಇದು, ತೊಂದ್ರೆ ಇದು ಅಂತ. ತಪ್ಪಾಗ್ಬೋದು, ಆದ್ರೆ ತಪ್ಪಿಂದ ಎದ್ರಿನೋರಿಗೆ ಬೇರೆ ಅರ್ಥ ಹೋಗ್ಬಾರ್ದು.

ಸಿ1: ಪದಕ್ಕೆ ಹುಡ್ಕಾಡೋದು ಹೆಚ್ಚು ಕಾಣಲ್ಲ. ಡಾಕ್ಟ್ರ ಹತ್ರ ಒಂಥರ, ರೋಗಿ ಹತ್ರ ಒಂಥರ ಮಾತು ಬದ್ಲಾಯಿಸ್ತೀರ.

ಸಿ2: ಸೂಕ್ಷ್ಮ. ಅದು ನಂಗೂ ಪೂರ್ತಿ ಇದ್ಯೋ ಇಲ್ವೋ.

ಕೋಡ್‌ಮುದ್ದೆ
ಸಿ2 ಅಂದ್ರೆ ನೇಟಿವ್ ಸ್ಪೀಕರ್ ಅಲ್ವಾ ಅಕ್ಕ

ಹೆಡ್‌ಸೆಟ್_ಅಕ್ಕ
ಅಲ್ಲ. ನಮ್ಮೂರಲ್ಲಿ ಹುಟ್ಟಿ ಬೆಳ್ದಿರೋ ಎಷ್ಟು ಜನಕ್ಕೆ ಕನ್ನಡದಲ್ಲಿ ನಿಂತು ಹತ್ತು ನಿಮ್ಷ ಒಂದು ವಿಷಯ ಮಂಡಿಸಕ್ಕೆ ಬರತ್ತೆ ಹೇಳು? ಅವ್ರು ನೇಟಿವ್ ಹೌದು, ಸಿ2 ಅಲ್ಲ. ಮೊದ್ಲು ಆ ಚೌಕಟ್ಟಲ್ಲೇ ಅಲ್ಲಲ್ಲಿ ನೇಟಿವ್ ಸ್ಪೀಕರ್ ಅನ್ನೋ ಮಾತಿತ್ತು, ಆಮೇಲೆ ತಂದ ಪೂರಕ ಪುಸ್ತಕದಲ್ಲಿ (ಕಂಪ್ಯಾನಿಯನ್ ವಾಲ್ಯೂಮ್) ಅದನ್ನ ತೆಗ್ದಾಕಿದಾರೆ.

ರಿಟೈರ್ಡ್_ಮೇಷ್ಟ್ರು
ಸರ್ಕಾರಿ ಪ್ರೌಢಶಾಲೆಯಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವನು, ತುಮಕೂರು ಜಿಲ್ಲೆ. ಮಗಳೇ, ನಿನ್ನ 91 ಸುಳ್ಳಲ್ಲ, ಆದರೆ ಅದು ಅಳೆದದ್ದು ಬೇರೆ. 80 ಅಂಕ ಬರವಣಿಗೆ, 20 ಇಂಟರ್ನಲ್. ಚೇಂಜ್ ಇನ್‌ಟು ಪ್ಯಾಸಿವ್ ವಾಯ್ಸ್ ಅಂತ ಕೊಡ್ತೀವಿ, ಮಗು ಯಂತ್ರದ ಥರ ಮಾಡುತ್ತೆ. ಅದೇ ಮಗುವಿಗೆ "ಲೇಟ್ ಯಾಕೆ ಬಂದೆ" ಅಂತ ಇಂಗ್ಲಿಷಲ್ಲಿ ಕೇಳಿದರೆ ಮಾಡಿನ ಕಡೆ ನೋಡುತ್ತೆ. ತಪ್ಪು ಮಗುವಿನದಲ್ಲ. ನಾನು ಕೆಲಸಕ್ಕೆ ಸೇರಿದಾಗ ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಂದ, ಒಂದನೇ ಕ್ಲಾಸಿಂದ ಅಂತ ಆಗಿದ್ದು 2007ರಲ್ಲಿ. ಒಂದು ಸೆಕ್ಷನ್ನಲ್ಲಿ 64 ಮಕ್ಕಳು, 40 ನಿಮಿಷದ ಪೀರಿಯಡ್. ಒಬ್ಬೊಬ್ಬರ ಬಾಯಿ ಬಿಡಿಸುವುದು ಯಾವಾಗ? ಹಾಜರಿ ಕೂಗುವುದರಲ್ಲೇ ಐದು ನಿಮಿಷ ಹೋಗುತ್ತಿತ್ತು.

ಆದರೆ ಹೆಡ್‌ಸೆಟ್ ಅಕ್ಕನವರೇ, ಗ್ರಾಮರ್ ಲಿಸ್ಟೇ ಇಲ್ಲ ಅಂದರೆ ಹೇಗೆ? ಪಠ್ಯಪುಸ್ತಕ ಮಾಡುವವರು ಯಾವ ಆಧಾರದ ಮೇಲೆ ಪಾಠ ಜೋಡಿಸುತ್ತಾರೆ?

ಹೆಡ್‌ಸೆಟ್_ಅಕ್ಕ
ಲಿಸ್ಟ್ ಇದೆ ಸಾರ್, ಚೌಕಟ್ಟಿನ ಒಳಗಿಲ್ಲ ಅಂದೆ ಅಷ್ಟೇ. ಕೇಂಬ್ರಿಜ್‌ನವರು ತಮ್ಮ ಪರೀಕ್ಷೆ ಬರ್ದಿರೋರ ಉತ್ತರಗಳನ್ನೆಲ್ಲ ರಾಶಿ ಹಾಕಿ, ಯಾವ ಲೆವೆಲ್‌ನವರು ಯಾವ ಗ್ರಾಮರ್ ನಿಜ್ವಾಗ್ಲೂ ಬಳಸ್ತಾರೆ ಅಂತ ಹುಡುಕಿ ಇಂಗ್ಲಿಷ್ ಗ್ರಾಮರ್ ಪ್ರೊಫೈಲ್ ಅಂತ ಮಾಡಿದಾರೆ. ಪಠ್ಯಪುಸ್ತಕಗಳಲ್ಲಿ ಸುಮಾರಾಗಿ ಹಿಂಗಿರತ್ತೆ: ಎ1ಗೆ ಆಮ್ ಈಸ್ ಆರ್, ಸಿಂಪಲ್ ಪ್ರೆಸೆಂಟ್, ಕ್ಯಾನ್. ಎ2ಗೆ ಸಿಂಪಲ್ ಪಾಸ್ಟ್, ಗೋಯಿಂಗ್ ಟು, ದೊಡ್ಡದು ಚಿಕ್ಕದು ಹೋಲಿಕೆ. ಬಿ1ಗೆ ಪ್ರೆಸೆಂಟ್ ಪರ್ಫೆಕ್ಟ್, ಫಾರ್ ಸಿನ್ಸ್, ಯೂಸ್ಡ್ ಟು, ಇಫ್‌ನ ಮೊದಲೆರಡು ಥರ. ಬಿ2ಗೆ ಇಫ್‌ನ ಮೂರನೇದು, ರಿಪೋರ್ಟೆಡ್ ಸ್ಪೀಚು, ಐ ವಿಶ್. ಸಿ1ಗೆ ವಾಕ್ಯ ತಿರುವು ಮುರುವು ಮಾಡಿ ಒತ್ತು ಕೊಡೋದು, ಅಂದ್ರೆ ನಾಟ್ ಓನ್ಲಿ ಡಿಡ್ ಹೀ ಅಂತೆಲ್ಲ.

ಆದ್ರೆ ಲಿಸ್ಟಲ್ಲಿರೋದು ಪುಸ್ತಕದಲ್ಲಿ ಟಿಕ್ ಹಾಕೋದಕ್ಕಲ್ಲ, ಬಾಯಲ್ಲಿ ತಾನಾಗೇ ಬರ್ಬೇಕು. ಅದೇ ಗಲಾಟೆ.

ಪೇಡಾನಗರಿ
ನಮ್ಮ ಸಾಲ್ಯಾಗ ಇಂಗ್ಲಿಷ್ ಮಾಸ್ತರು ಪೂರಾ ಕನ್ನಡದಾಗ ಇಂಗ್ಲಿಷ್ ಕಲಿಸ್ತಿದ್ರು. "ಸಬ್ಜೆಕ್ಟ್ ಅಂದ್ರ ಕರ್ತೃ, ವರ್ಬ್ ಅಂದ್ರ ಕ್ರಿಯಾಪದ, ಬರ್ಕೊಳ್ರಿ." ಹತ್ತು ವರ್ಷ ಬರ್ಕೊಂಡ್ವಿ. ಮಾತಾಡಂದ್ರ ಈಗೂ ಕಾಲ್ ನಡಗತಾವು.

ನೈಟ್‌ಡ್ಯೂಟಿ_ಹಾಸನ
ಅಯ್ಯೋ ಥ್ಯಾಂಕ್ಸ್ ಎಲ್ರಿಗೂ. ಮೇಷ್ಟ್ರೇ ನೀವು ಹೇಳಿದ್ದು ಓದಿ ನಗು ಬಂತು, ನಾನೂ ಮೊನ್ನೆ ಮಾಡೇ ನೋಡ್ದೆ. ಅಕ್ಕ, ನಾನು ಏನು ಮಾತಾಡ್ದೆ ಅಂತ ನೆನಪಿರೋಷ್ಟು ಹಾಕ್ತೀನಿ, ತಪ್ಪು ಎಲ್ಲಿದೆ ಹೇಳ್ತೀರಾ? ನಗ್ಬೇಡಿ.

"ಐ ಆಮ್ ವರ್ಕಿಂಗ್ ಇನ್ ಐಸಿಯು ಸಿನ್ಸ್ ಫೋರ್ ಇಯರ್ಸ್. ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್. ಲಾಸ್ಟ್ ಮಂತ್ ಐ ಹ್ಯಾಡ್ ಗಾನ್ ಟು ಧರ್ಮಸ್ಥಳ." ಆಮೇಲೆ ಕೆಲ್ಸದಲ್ಲಿ ಮರೆಯಕ್ಕಾಗದ ದಿನ ಹೇಳಿ ಅಂದ್ರು. ಒಬ್ರು ಪೇಷಂಟ್ ಲೇಟಾಗಿ ಬಂದು ತೀರ್ಕೊಂಡಿದ್ರು, ಅದನ್ನ ಹೇಳಕ್ಕೆ ಹೋದೆ. "ಡಾಕ್ಟರ್ ಟೋಲ್ಡ್ ದಟ್ ಐ ವಿಲ್ ಟ್ರೈ. ಇಫ್ ದೇ ವುಡ್ ಕಮ್ ಅರ್ಲಿ" ಅಂತ ಹೇಳಿ ಮುಂದೆ ಗೊತ್ತಾಗ್ಲಿಲ್ಲ, ಸುಮ್ನಾದೆ. ಕಣ್ಣಲ್ಲಿ ನೀರು ಬಂತು ಒಂದ್ ಥರ. ಮೇಡಂ ಓಕೆ ಓಕೆ ಅಂತ ಬೇರೆ ಪ್ರಶ್ನೆಗೆ ಹೋದ್ರು.

ಕುಡ್ಲದ_ಬಂಗುಡೆ
ಎಂತ ತಪ್ಪು ಮಾರಾಯ್ರೆ ಇದ್ರಲ್ಲಿ? ನಮ್ಮ ಆಫೀಸಲ್ಲಿ ಮ್ಯಾನೇಜರಿಂದ ಹಿಡಿದು ಎಲ್ರೂ ಮಾತಾಡೋದು ಇದೇ ಇಂಗ್ಲಿಷ್. ನಂಗೆ ಪೂರ್ತಿ ಅರ್ಥ ಆಯ್ತು. ಇಂಡಿಯನ್ ಇಂಗ್ಲಿಷ್ ಅಂತ ಒಂದು ಉಂಟು, ಅದಕ್ಕೆ ಮರ್ಯಾದೆ ಬೇಡ್ವಾ?

ರಿಟೈರ್ಡ್_ಮೇಷ್ಟ್ರು
ಇದು ನನ್ನ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೀತೀನಿ, ಬೇಜಾರಾದವರು ದಾಟಿ ಹೋಗಿ.

ಮಗಳೇ ನೀನು ಮಾಡಿದ್ದು ತಪ್ಪಲ್ಲ, ಕನ್ನಡ. ಒಳ್ಳೆಯ ಕನ್ನಡವನ್ನೇ ಇಂಗ್ಲಿಷ್ ಪದಗಳಲ್ಲಿ ಹೇಳಿದ್ದೀಯ. ಒಂದೊಂದೇ ನೋಡು.

"ನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀನಿ." ನಮ್ಮಲ್ಲಿ 2021ರಿಂದ ಅಂದರೂ "ಇಂದ", ನಾಲ್ಕು ವರ್ಷದಿಂದ ಅಂದರೂ "ಇಂದ". ಇಂಗ್ಲಿಷಿನಲ್ಲಿ ಶುರುವಾದ ಗಳಿಗೆಗೆ ಸಿನ್ಸ್, ಎಷ್ಟು ಹೊತ್ತು ಅನ್ನುವುದಕ್ಕೆ ಫಾರ್. ನಮ್ಮ ಒಂದೇ ಪ್ರತ್ಯಯ ಅಲ್ಲಿ ಎರಡಾಗಿ ಸೀಳುತ್ತೆ. ಇನ್ನು "ಮಾಡ್ತಿದೀನಿ" ಅನ್ನುವುದು ನಮಗೆ ವರ್ತಮಾನ, ಹಾಗಾಗಿ ಆಮ್ ವರ್ಕಿಂಗ್ ಬಂತು. ಅವರಿಗೆ ಹಿಂದಿನಿಂದ ಈಗಿನವರೆಗೆ ಎಳೆದು ತರಬೇಕು, ಹ್ಯಾವ್ ಬೀನ್ ವರ್ಕಿಂಗ್.

"ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿದ್ದೆ." ಕನ್ನಡದಲ್ಲಿ ಹೀಗೇ ಹೇಳಬೇಕು, "ಹೋದೆ" ಅಂದರೆ ಅಲ್ಲೇ ಉಳಿದುಬಿಟ್ಟೆಯಾ ಅನ್ನಿಸುತ್ತೆ! ಹೋಗಿ ವಾಪಸ್ ಬಂದದ್ದಕ್ಕೆ "ಹೋಗಿದ್ದೆ". ಅದನ್ನು ಹಾಗೇ ಎತ್ತಿಟ್ಟರೆ ಹ್ಯಾಡ್ ಗಾನ್. ಇಂಗ್ಲಿಷಿನವರಿಗೆ ಹ್ಯಾಡ್ ಗಾನ್ ಅಂದ ತಕ್ಷಣ "ಯಾವುದಕ್ಕಿಂತ ಮುಂಚೆ?" ಅಂತ ಕಾಯುತ್ತಾರೆ, ನೀನು ಏನೂ ಹೇಳದೆ ನಿಲ್ಲಿಸಿದರೆ ಗೊಂದಲ. ಬರೀ ವೆಂಟ್ ಸಾಕಿತ್ತು.

"ಡಾಕ್ಟ್ರು ನಾನು ಟ್ರೈ ಮಾಡ್ತೀನಿ ಅಂತ ಹೇಳಿದ್ರು." ನಮ್ಮ "ಅಂತ" ಇದೆಯಲ್ಲ, ಅದೊಂದು ಅದ್ಭುತ. ಅವರ ಮಾತನ್ನು ಹಾಗೇ ಎತ್ತಿ ಒಳಗಿಡುತ್ತೆ, ಏನೂ ಬದಲಾಯಿಸಬೇಕಿಲ್ಲ. ಇಂಗ್ಲಿಷಿನಲ್ಲಿ ದಟ್ ಹಾಕಿದ ಮೇಲೆ ಐ ಅನ್ನುವುದು ಹೀ ಆಗಬೇಕು, ವಿಲ್ ಅನ್ನುವುದು ವುಡ್ ಆಗಬೇಕು. ನೀನು ಹೇಳಿದ ಥರ ಕೇಳಿದರೆ ಟ್ರೈ ಮಾಡುವವರು ಡಾಕ್ಟರಲ್ಲ, ನೀನು! ಐಸಿಯುನಲ್ಲಿ ಇದು ಸಣ್ಣ ವಿಷಯ ಅಲ್ಲ.

ಮತ್ತೆ "ಬೇಗ ಬಂದಿದ್ರೆ ಉಳೀತಿದ್ರು." ಎಷ್ಟು ಚಿಕ್ಕದು ನೋಡು ಕನ್ನಡದಲ್ಲಿ. ಆಗದೇ ಹೋದದ್ದನ್ನು ಹೇಳುವ ಶಕ್ತಿ ನಿನಗೆ ಮೂರು ವರ್ಷದ ಮಗುವಾಗಿದ್ದಾಗಿಂದ ಇದೆ. ಇಫ್ ದೇ ಹ್ಯಾಡ್ ಕಮ್ ಅರ್ಲಿಯರ್, ಹೀ ವುಡ್ ಹ್ಯಾವ್ ಸರ್ವೈವ್ಡ್. ಬಂದಿದ್ರೆ ಅಂದರೆ ಹ್ಯಾಡ್ ಕಮ್. ಉಳೀತಿದ್ರು ಅಂದರೆ ವುಡ್ ಹ್ಯಾವ್ ಸರ್ವೈವ್ಡ್. ಅಷ್ಟೇ. ನಾನು ಇದನ್ನು ಥರ್ಡ್ ಕಂಡೀಷನಲ್ ಅಂತ ಬೋರ್ಡ್ ಮೇಲೆ ಬರೆದು 31 ವರ್ಷ ಮಕ್ಕಳನ್ನು ಹೆದರಿಸಿದೆ. "ಬಂದಿದ್ರೆ" ಅಂತ ಶುರು ಮಾಡಿದ್ದರೆ ಐದು ನಿಮಿಷದ ಪಾಠ.

ಪೇಡಾನಗರಿ
ಮಾಸ್ತರ, ನಿಮ್ಮಂಥವ್ರು ನಮ್ಮ ಸಾಲಿಗೆ ಬಂದಿದ್ರ ನಾ ಇವತ್ತ ಅಮೆರಿಕಾದಾಗ ಇರ್ತಿದ್ದೆ. (ಥರ್ಡ್ ಕಂಡೀಷನಲ್!)

ಕುಡ್ಲದ_ಬಂಗುಡೆ
ಮೇಷ್ಟ್ರೇ ಒಪ್ಪಿದೆ, ಆ ಡಾಕ್ಟರ್ ಉದಾಹರಣೆ ಚೂಪಾಗಿ ಉಂಟು. ಆದ್ರೂ ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್‌ಗೆ ಲೆವೆಲ್ ಇಳಿಸೋದು ಅನ್ಯಾಯ ಅಂತ ನನ್ನ ವಾದ. ಅದ್ರಿಂದ ಯಾರಿಗೆ ಎಂತ ತೊಂದ್ರೆ?

ಹೆಡ್‌ಸೆಟ್_ಅಕ್ಕ
ಅದಕ್ಕೆ ಇಳಿಸಿಲ್ಲ ಅನ್ಸತ್ತೆ. ನಾನಾಗಿದ್ರೆ ಇಳಿಸ್ತಿದ್ದಿದ್ದು ಒಂದೇ ಕಡೆ, ಕಥೆ ಮಧ್ಯದಲ್ಲಿ ನಿಂತೋಯ್ತಲ್ಲ ಅಲ್ಲಿ. ಬಿ1 ಅಂದ್ರೆ ತಪ್ಪಾದ್ರೂ ದಾಟೋದು. "ದೇ ಕೇಮ್ ಲೇಟ್. ದಟ್ ಈಸ್ ವೈ ಹೀ ಡೈಡ್. ಐ ಫೆಲ್ಟ್ ವೆರಿ ಬ್ಯಾಡ್" ಅಂದ್ರೂ ಸಾಕಿತ್ತು. ಎಲ್ಲಾ ಎ2 ವಾಕ್ಯಗಳೇ, ಆದ್ರೆ ಕಾರಣ ಇದೆ, ಕೊನೆ ಇದೆ, ಕಥೆ ಮುಗೀತು. ದೊಡ್ಡ ಗ್ರಾಮರ್‌ಗೆ ಕೈ ಹಾಕಿ ಅರ್ಧಕ್ಕೆ ಬಿಡೋದಕ್ಕಿಂತ ಸಣ್ಣದ್ರಲ್ಲಿ ಮುಗಿಸೋದು ವಾಸಿ.

ನನ್ನ ಅಂದಾಜು ಕೇಳಿದ್ರೆ ನೀವು ಎ2 ಮೇಲ್ಗಡೆ, ಬಿ1 ಬಾಗಿಲಲ್ಲಿ ಇದೀರ. ಅಳು ಬಂದ ದಿನದ ಟೆಸ್ಟ್ ಮೇಲೆ ಜಾಸ್ತಿ ನಂಬಿಕೆ ಇಡ್ಬೇಡಿ.

ಕೋಡ್‌ಮುದ್ದೆ
ಇರಿ, ಲೆಕ್ಕ ಹಾಕ್ದೆ. ಶನಿ ಭಾನು ಮೂರ್ಮೂರು ಗಂಟೆ ಅಂದ್ರೆ ವಾರಕ್ಕೆ 6, 12 ವಾರಕ್ಕೆ 72, ಮೂರು ಕೋರ್ಸಿಗೆ 216 ಗಂಟೆ. ಕೇಂಬ್ರಿಜ್‌ನವರ ಅಂದಾಜು ನೋಡ್ದೆ, ಶುರುವಿಂದ ಎ2ಗೆ 180ರಿಂದ 200 ಗಂಟೆ ಪಾಠ, ಬಿ1ಗೆ 350ರಿಂದ 400, ಬಿ2ಗೆ 500ರಿಂದ 600, ಸಿ1ಗೆ 700ರಿಂದ 800. ಅಂದ್ರೆ ಎ2ಯಿಂದ ಸಿ1ಗೆ ಕಮ್ಮಿ ಅಂದ್ರೂ 500 ಗಂಟೆ. ಇವ್ರು 216ರಲ್ಲಿ ಮುಗಿಸ್ತಾರಂತೆ. ಹೇಳಿದ್ನಲ್ಲ ಬುಟ್ಟಿ ಅಂತ.

ಹೆಡ್‌ಸೆಟ್_ಅಕ್ಕ
ಮಿಕ್ಕಿದ್ದು ಮನೇಲಿ ಮಾಡ್ಬೇಕು ಅನ್ನೋದು ಲೆಕ್ಕ. ಅದನ್ನ ಯಾವ ಸೆಂಟರೂ ಬಾಯಿಬಿಟ್ಟು ಹೇಳಲ್ಲ ಅನ್ನೋದು ಮಾತ್ರ ನಿಜ 😄

ಲೀಡ್ಸ್_ಕನ್ನಡತಿ
ತಡವಾಗಿ ಬಂದೆ, ಇಲ್ಲಿ ಈಗ ರಾತ್ರಿ. ನಾನೂ ನರ್ಸೇ, ಚಿತ್ರದುರ್ಗದ ಕಡೆಯವಳು, ಯಾರ್ಕ್‌ಶೈರಿಗೆ ಬಂದು ಆರು ವರ್ಷ. ತಂಗಿ, ನೀನು ಸಿ1 ಸರ್ಟಿಫಿಕೇಟ್ ಹಿಂದೆ ಬೀಳ್ಬೇಡ, ಎನ್‌ಎಂಸಿ (ಇಲ್ಲಿ ನರ್ಸುಗಳನ್ನ ನೋಂದಾಯಿಸೋ ಸಂಸ್ಥೆ) ಅದನ್ನ ಕೇಳಲ್ಲ. ಅವ್ರು ಕೇಳೋದು ಐಇಎಲ್‌ಟಿಎಸ್ ಅಕಾಡೆಮಿಕ್ ಅನ್ನೋ ಇಂಗ್ಲಿಷ್ ಪರೀಕ್ಷೇಲಿ (9ಕ್ಕೆ ಮಾರ್ಕ್ಸು) ಮಾತು, ಓದು, ಕೇಳೋದು ಮೂರಕ್ಕೂ 7, ಬರವಣಿಗೆಗೆ 6.5. ಇಲ್ಲಾಂದ್ರೆ ಓಇಟಿ, ಅಂದ್ರೆ ಆಸ್ಪತ್ರೆ ಕೆಲ್ಸದವರಿಗೇ ಅಂತ ಇರೋ ಇಂಗ್ಲಿಷ್ ಪರೀಕ್ಷೆ, ಅದ್ರಲ್ಲಿ ಮೂರಕ್ಕೆ ಬಿ ಗ್ರೇಡ್, ಬರವಣಿಗೆಗೆ ಸಿ ಪ್ಲಸ್. (ಅಪ್ಲೈ ಮಾಡೋ ಮುಂಚೆ ಎನ್‌ಎಂಸಿ ಪೇಜ್ ಒಂದ್ಸಲ ನೋಡ್ಕೋ, ರೂಲ್ಸ್ ಬದ್ಲಾಗ್ತಿರತ್ತೆ.)

ಐಇಎಲ್‌ಟಿಎಸ್ ಸ್ಪೀಕಿಂಗ್ 11ರಿಂದ 14 ನಿಮ್ಷ. ಮೊದ್ಲು ಮನೆ, ಊರು, ಕೆಲ್ಸ. ಆಮೇಲೆ ಒಂದು ಕಾರ್ಡ್ ಕೊಡ್ತಾರೆ, ಒಂದು ನಿಮ್ಷ ಯೋಚ್ನೆ, ಎರಡು ನಿಮ್ಷದವರೆಗೂ ನೀನೊಬ್ಳೇ ಮಾತಾಡ್ಬೇಕು. ಕೊನೇಲಿ ಚರ್ಚೆ. ಗಮನಿಸಿ ನೋಡು, ಮೊದಲ್ನೇದು ಎ2ನವರಿಗೂ ಬರತ್ತೆ, ಎರಡನೇದಕ್ಕೆ ಬಿ1 ಬೇಕು, ಮೂರನೇದು ಬಿ2ಯಿಂದ ಮೇಲೆ. ಮೆಟ್ಲು ಹತ್ತಿಸ್ತಾ ಎಲ್ಲಿ ನಿಂತ್ಕೋತೀಯ ನೋಡ್ತಾರೆ ಅಂತ ನನ್ನ ಅನಿಸಿಕೆ. ನಾನು ಮೊದಲ್ನೇ ಸಲ ಕಾರ್ಡಲ್ಲಿ 40 ಸೆಕೆಂಡಿಗೆ ಮುಗಿಸಿ ದಟ್ಸ್ ಆಲ್ ಅಂತ ಕೂತಿದ್ದೆ. 6 ಬಂತು.

ಕೋಡ್‌ಮುದ್ದೆ
6.5 ಬಂದ್ರೆ ಸಿ1 ಅಂತ ನಮ್ ಆಫೀಸಲ್ಲೊಬ್ಬ ಹೇಳ್ತಿದ್ದ

ಹೆಡ್‌ಸೆಟ್_ಅಕ್ಕ
ಇಲ್ಲಪ್ಪ. 5.5ರಿಂದ 6.5 ಬಿ2, 7ರಿಂದ 8 ಸಿ1. 7 ಅನ್ನೋದು ಸಿ1 ಹೊಸ್ತಿಲು. ಗ್ರಾಮರ್‌ಗೆ ಅಲ್ಲಿ ನಾಲ್ಕರಲ್ಲಿ ಒಂದು ಪಾಲು ಅಷ್ಟೇ, ಮಿಕ್ಕ ಮೂರು ಪಾಲು ಸರಾಗ, ಪದಸಂಪತ್ತು, ಉಚ್ಚಾರ. ಮತ್ತೆ 7ಕ್ಕೂ ಒಂದೂ ತಪ್ಪಿರಬಾರ್ದು ಅಂತಿಲ್ಲ, ತಪ್ಪಿಲ್ಲದ ವಾಕ್ಯ ಪದೇಪದೇ ಬರ್ಬೇಕು, ಅಲ್ಲಲ್ಲಿ ತಪ್ಪು ಉಳ್ಕೊಂಡ್ರೂ ನಡ್ಯತ್ತೆ.

ಕುಡ್ಲದ_ಬಂಗುಡೆ
ಉಚ್ಚಾರ ಅಂದ್ರೆ ನಮ್ಮ ಆಕ್ಸೆಂಟಿಗೆ ಕತ್ತರಿಯಾ?

ಹೆಡ್‌ಸೆಟ್_ಅಕ್ಕ
ಆಕ್ಸೆಂಟಿಗೆ ಇಲ್ಲ, ಅರ್ಥ ಆಗ್ದೇ ಇದ್ರೆ ಕತ್ತರಿ. ಕಾಲ್ ಸೆಂಟರಲ್ಲಿ ಎಂಟಿಐ ಎಂಟಿಐ ಅಂತ ತಲೆ ತಿಂತಿದ್ವಿ, ಮದರ್ ಟಂಗ್ ಇನ್‌ಫ್ಲುಯೆನ್ಸ್. ಎಗ್ಗನ್ನ ಯೆಗ್ಗು ಅನ್ಬೇಡ, ಬಸ್ಸಿನ ಕೊನೇಲಿ ಉ ಎಳೀಬೇಡ ಅಂತ. ಅರ್ಧ ಜನ ಹೆದ್ರಿ ಬಾಯೇ ಮುಚ್ಕೊಂಡ್ರು. ಈಗ ಅದ್ರ ಬಗ್ಗೆ ನಂಗೇ ಸ್ವಲ್ಪ ಬೇಜಾರಿದೆ.

ಲೀಡ್ಸ್_ಕನ್ನಡತಿ
ಇಲ್ಲಿಗೆ ಬಂದ ಮೇಲೆ ಗೊತ್ತಾದ ವಿಷಯ ಒಂದು ಹೇಳ್ತೀನಿ, ಇದು ಯಾವ ಗ್ರಾಮರ್ ಶೀಟಲ್ಲೂ ಇಲ್ಲ. ಮೊದಲ್ನೇ ತಿಂಗ್ಳು ಜತೆಯವ್ಳ ಹತ್ರ "ಗಿವ್ ಮಿ ದಟ್ ಚಾರ್ಟ್" ಅಂದೆ. ಮುಖ ಸಣ್ಣ ಮಾಡ್ಕೊಂಡ್ಳು. ನಂಗೆ ಯಾಕಂತ್ಲೇ ಗೊತ್ತಾಗ್ಲಿಲ್ಲ, ಯಾಕಂದ್ರೆ ನನ್ನ ತಲೇಲಿ ಇದ್ದಿದ್ದು "ಆ ಚಾರ್ಟ್ ಕೊಡಿ". ಕನ್ನಡದಲ್ಲಿ ಆ "ಇ" ಒಂದೇ ಸಾಕು, ಮರ್ಯಾದೆ ಎಲ್ಲಾ ಅದ್ರಲ್ಲೇ ಬಂತು. ಇಂಗ್ಲಿಷಲ್ಲಿ ಆ "ಇ" ಇಲ್ಲ. ಅದಕ್ಕೆ ಕುಡ್ ಯು, ವುಡ್ ಯು ಮೈಂಡ್ ಅಂತ ಇಡೀ ವಾಕ್ಯನೇ ಕಟ್ಬೇಕು. ಪ್ಲೀಸ್ ಅಂಟಿಸಿದ್ರೂ ಪ್ಲೀಸ್ ಗಿವ್ ಅನ್ನೋದು ಹುಕುಂ ಥರಾನೇ ಕೇಳ್ಸತ್ತೆ. ಕುಡ್, ವುಡ್ ಅನ್ನೋದು ನನ್ನ ಪ್ರಕಾರ ಬಿ1 ಬಿ2 ಮಧ್ಯದ ನಿಜವಾದ ಪರೀಕ್ಷೆ.

ಇನ್ನೊಂದ್ಸಲ ವಯಸ್ಸಾದ ಅಜ್ಜಿಯೊಬ್ರು "ಐ ನೀಡ್ ಟು ಸ್ಪೆಂಡ್ ಎ ಪೆನ್ನಿ" ಅಂದ್ರು. ನಾನು ಪಾಪ ಅಜ್ಜಿಗೆ ಏನೋ ಕೊಳ್ಬೇಕು ಅನ್ಕೊಂಡು ಅಂಗ್ಡಿ ಮುಚ್ಚಿದೆ ಅಂದೆ. ಅವ್ರಿಗೆ ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗ್ಬೇಕಿತ್ತು!! ಹಳೇ ಕಾಲ್ದಲ್ಲಿ ಪಬ್ಲಿಕ್ ಟಾಯ್ಲೆಟ್ಟಿಗೆ ಒಂದು ಪೆನ್ನಿ ಹಾಕ್ಬೇಕಿತ್ತಂತೆ. ಅವತ್ತು ಆಗಿದ್ದು ಬರ್ಯಲ್ಲ ಬಿಡಿ.

ಸುಮ್ನೆ_ಓದೋನು
😂😂 ಅಂಗ್ಡಿ ಮುಚ್ಚಿದೆ

ಪೇಡಾನಗರಿ
ನಮ್ಮಲ್ಲೂ ಐತ್ರಿ ಅದು, "ಒಂದಕ್ಕ ಹೋಗಿ ಬರ್ತೀನಿ" ಅಂದ್ರ ಪರದೇಶದವ್ರಿಗೆ ಏನ ತಿಳೀಬೇಕು? ಒಂದ ಯಾವುದಕ್ಕ ಅಂತಾರ.

ಡೆರ್_ಡಿ_ದಾಸ್
ನರ್ಸ್ ಅಕ್ಕಂದಿರೇ ಜರ್ಮನಿ ಕಡೆಗೂ ಒಂದು ಕಣ್ಣಿಡಿ. ನಮ್ಮ ಕಸಿನ್ ಬಿ1 ಮುಗಿಸಿ ಬಿ2 ಓದ್ತಿದಾಳೆ, ನರ್ಸಿಂಗ್ ಮಾನ್ಯತೆಗೆ ಅಲ್ಲಿ ಸಾಮಾನ್ಯವಾಗಿ ಬಿ2 ಕೇಳ್ತಾರೆ. ಮಜಾ ಏನಂದ್ರೆ ಜರ್ಮನ್‌ನಲ್ಲಿ "ಯಾಕಂದ್ರೆ" ಅಂತ ಶುರುವಾದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗತ್ತೆ, ಅದು ಕನ್ನಡದವರಿಗೆ ಆರಾಮು. ನಾವು ಹುಟ್ಟಿದಾಗಿಂದ ಕ್ರಿಯಾಪದ ಕೊನೇಲೇ ಇಡೋದಲ್ವಾ. ಆದ್ರೆ ಮೇಜು ಗಂಡು, ಬಾಗಿಲು ಹೆಣ್ಣು, ಅದಕ್ಕೆ ಕಾರಣ ಕೇಳ್ಬೇಡಿ.

ಕೋಡ್‌ಮುದ್ದೆ
ಟಾಪಿಕ್ ಬಿಟ್ಟು ಹೋಗ್ತಿದೀವಿ ಆದ್ರೂ ಪರ್ವಾಗಿಲ್ಲ, ಕನ್ನಡಕ್ಕೂ ಇಂಥ ಲೆವೆಲ್ ಮಾಡ್ಬೇಕು ಗುರು. ನಮ್ಮ ಟೀಮಲ್ಲಿ ಐದು ವರ್ಷದಿಂದ ಇರೋರು "ಸ್ವಲ್ಪ ಸ್ವಲ್ಪ ಗೊತ್ತು" ಅಂತಾರೆ. ಅದು ಎ ಮೈನಸ್ 1.

ಲೀಡ್ಸ್_ಕನ್ನಡತಿ
ಎ2: "ಬರ್ತೀನಿ" ಅಂದ್ರೆ ಹೊರಟ್ರು ಅಂತ ಗೊತ್ತಾಗೋದು. ಬಿ2: "ನೋಡೋಣ" ಅಂದ್ರೆ ಆಗಲ್ಲ ಅಂತ ಗೊತ್ತಾಗೋದು. ಸಿ2: ಅತ್ತೆ "ನಿಂಗೆ ಹೆಂಗ್ ಅನುಕೂಲನೋ ಹಂಗ್ ಮಾಡಮ್ಮ" ಅಂದಾಗ ಏನು ಮಾಡ್ಬಾರ್ದು ಅಂತ ಗೊತ್ತಾಗೋದು.

ಪೇಡಾನಗರಿ
ಸಿ2 ನನಗೂ ಇಲ್ರೀ ಹಂಗಾದ್ರ. ಲಗ್ನಾಗಿ 14 ವರ್ಷ ಆತು.

ರಿಟೈರ್ಡ್_ಮೇಷ್ಟ್ರು
ನಗಾಡಿದ್ದು ಸಾಕು, ಮಗಳು ಕೇಳಿದ್ದಕ್ಕೆ ಬರೋಣ. ಬಂಗುಡೆಯವರ ಇಂಡಿಯನ್ ಇಂಗ್ಲಿಷ್ ವಾದಕ್ಕೆ ನನ್ನ ಉತ್ತರ: ಇಲ್ಲಿ ಮಾತಾಡುವಾಗ ಹ್ಯಾವಿಂಗ್ ಟೂ ಬ್ರದರ್ಸ್ ಅನ್ನಿ, ಪ್ರಿಪೋನ್ ಅನ್ನಿ, ನಾನು ಕೆಂಪು ಇಂಕ್ ತೆಗೆಯಲ್ಲ. ಅಲ್ಲಿಗೆ ಹೋಗುವವಳಿಗೆ ಅಲ್ಲಿಯದು ಬೇಕು. ಹಾಸನದಲ್ಲಿ ಒಂದು ಕನ್ನಡ, ಧಾರವಾಡದಲ್ಲಿ ಒಂದು ಕನ್ನಡ ಇದ್ದ ಹಾಗೆ.

ಕುಡ್ಲದ_ಬಂಗುಡೆ
ಹಾಗಾದ್ರೆ ಮಂಗಳೂರಿಗೆ ಬಂದವರು "ಉಂಟು" ಕಲೀಬೇಕು, ಕಲೀತಾರಾ? ಇಲ್ಲ. ಆದ್ರೂ ಮೇಷ್ಟ್ರ ಮಾತಿಗೆ ನನ್ನದು ಅರ್ಧ ಒಪ್ಪಿಗೆ ಉಂಟು.

ನೈಟ್‌ಡ್ಯೂಟಿ_ಹಾಸನ
ಎಲ್ಲಾ ಎರಡೆರಡು ಸಲ ಓದ್ದೆ. ನೈಟ್ ಬ್ರೇಕಲ್ಲಿ ಕೂತು ಮೊಬೈಲಲ್ಲಿ ರೆಕಾರ್ಡ್ ಮಾಡಿ ನೋಡ್ದೆ, ಅದೇ ಪೇಷಂಟ್ ಕಥೆ. ಮೊದಲ್ನೇ ಸಲ 35 ಸೆಕೆಂಡು, ಮೂರನೇ ಸಲ ಒಂದು ನಿಮ್ಷ 20. ಇಫ್ ದೇ ಹ್ಯಾಡ್ ಕಮ್ ಅರ್ಲಿಯರ್ ಸರಿಯಾಗಿ ಬಂತು ಮೇಷ್ಟ್ರೇ, "ಬಂದಿದ್ರೆ" ಅಂತ ಮನ್ಸಲ್ಲಿ ಅನ್ಕೊಂಡು ಹೇಳ್ದೆ. ಆದ್ರೆ ಆ ಸಿನ್ಸ್ ಮತ್ತೆ ಬಂತು, ಎರಡು ಸಲ. ರೆಕಾರ್ಡ್ ಕೇಳಿದಾಗ್ಲೇ ಗೊತ್ತಾಗಿದ್ದು, ಹೇಳೋವಾಗ ಗೊತ್ತೇ ಆಗ್ಲಿಲ್ಲ.

ಓಇಟಿ ಬಗ್ಗೆ ಸ್ವಲ್ಪ ಹೇಳಿ ಅಕ್ಕ, ನರ್ಸುಗಳಿಗೆ ಅದು ಸುಲಭನಾ?

ಲೀಡ್ಸ್_ಕನ್ನಡತಿ
ಸುಲಭ ಅಂತ ಹೇಳಲ್ಲ, ಪರಿಚಯದ ಜಾಗ ಅಂತೀನಿ. ಐಇಎಲ್‌ಟಿಎಸ್‌ನಲ್ಲಿ ಮ್ಯೂಸಿಯಂ ಬಗ್ಗೆ, ಜಾಹೀರಾತು ಬಗ್ಗೆ ಕೇಳ್ತಾರೆ, ನಂಗೆ ಕನ್ನಡದಲ್ಲೇ ಅಭಿಪ್ರಾಯ ಇರ್ಲಿಲ್ಲ ಆ ವಿಷ್ಯಕ್ಕೆ. ಓಇಟಿಲಿ ಎರಡು ರೋಲ್‌ಪ್ಲೇ, ನೀನು ನರ್ಸು, ಎದ್ರಿಗಿರೋರು ಪೇಷಂಟು ಇಲ್ಲ ಮನೆಯವ್ರು. ಒಂದೊಂದಕ್ಕೂ ಕಾರ್ಡ್ ನೋಡಕ್ಕೆ ಮೂರು ನಿಮ್ಷ, ಮಾತಿಗೆ ಐದು ನಿಮ್ಷ. ಬರೀ ಗ್ರಾಮರ್ ನೋಡಲ್ಲ, ಪೇಷಂಟ್ ಭಯ ಪಟ್ರೆ ಕೇಳಿಸ್ಕೋತೀಯಾ, ಬಿಡಿಸಿ ಹೇಳ್ತೀಯಾ ಅಂತಾನೂ ನೋಡ್ತಾರೆ. ನೀನು ದಿನಾ ಮಾಡೋದು ಅದೇ ತಾನೇ. ಎರಡರದ್ದೂ ಸ್ಯಾಂಪಲ್ ಒಂದೊಂದು ಮಾಡಿ ನೋಡಿ ಆಮೇಲೆ ದುಡ್ಡು ಕಟ್ಟು.

ಹೆಡ್‌ಸೆಟ್_ಅಕ್ಕ
ಮೂರೂ ಕೋರ್ಸ್ ಫೀಸು ಒಟ್ಟಿಗೆ ಮಾತ್ರ ಕಟ್ಬೇಡಿ. ಬಿ1 ಒಂದಕ್ಕೆ ಕಟ್ಟಿ, ಇಲ್ಲ ಆರು ವಾರ ಮನೇಲಿ ಮಾಡಿ ಬೇರೆ ಕಡೆ ಇನ್ನೊಂದ್ಸಲ ಟೆಸ್ಟ್ ತಗೊಳ್ಳಿ. ಮತ್ತೆ ಆ ಸಿನ್ಸ್ ತಪ್ಪು ರೆಕಾರ್ಡಲ್ಲಿ ನೀವೇ ಹಿಡಿದ್ರಲ್ಲ, ಇನ್ನು ಎರಡು ವಾರಕ್ಕೆ ಬಾಯಲ್ಲೇ ಹಿಡೀತೀರ. ಹಿಡಿದು "ಸಾರಿ, ಫಾರ್ ಫೋರ್ ಇಯರ್ಸ್" ಅಂತ ತಿದ್ಕೊಂಡ್ರೆ ಮಾರ್ಕ್ಸ್ ಹೋಗತ್ತೆ ಅಂತ ಹೆದ್ರಬೇಡಿ. ಹೇಳಿದ್ದನ್ನ ತಿದ್ದಿ ಮುಂದೆ ಹೋಗೋದೂ ಮಾತಿನ ಭಾಗಾನೇ, ಆದ್ರೆ ವಾಕ್ಯಕ್ಕೊಂದು ಸಲ ಬೇಡ.

ಲೀಡ್ಸ್_ಕನ್ನಡತಿ
ತಂಗಿ ನಾನು ಪೇಷಂಟ್ ಆಗ್ತೀನಿ, ವಾರಕ್ಕೆ ಎರಡು ಸಲ ಕಾಲ್ ಮಾಡೋಣ, ಫೀಸ್ ಇಲ್ಲ, ಬಂದಾಗ ಚಕ್ಲಿ ತಂದ್ರೆ ಸಾಕು. ನಿಂಗೆ ಯಾವ ಟೈಮ್ ಆಗತ್ತೆ?

ನೈಟ್‌ಡ್ಯೂಟಿ_ಹಾಸನ
ಅಕ್ಕಾ!! ಈ ವಾರ ಪೂರ್ತಿ ನೈಟು. ಮಧ್ಯಾಹ್ನ ಮೂರಕ್ಕೆ ಎದ್ದಿರ್ತೀನಿ, ನಿಮ್ಗೆ ಆಗ ಬೆಳಿಗ್ಗೆ ಅಲ್ವಾ? ಮೆಸೇಜ್ ಹಾಕ್ತೀನಿ. ಚಕ್ಲಿ ಅಮ್ಮನ ಕೈಲೇ ಮಾಡಿಸ್ತೀನಿ.

ಪೇಡಾನಗರಿ
ನಾನೂ ಕಾಲಿಗೆ ಬರ್ಲೇನ್ರೀ? ಪೇಷಂಟಿನ ಮನಿಯವ್ರ ಪಾರ್ಟ್ ಕೊಡ್ರಿ, ಬರೇ ಅಳೋದು ಇದ್ರ ಸಾಕು, ಇಂಗ್ಲಿಷ್ ಬೇಡ.